ಗಣಿಯ ಮಾದರಿ: ಮೊದಲು ಬಣ್ಣ, ಆಮೇಲೆ ಅಂಟು

ಮರದಲ್ಲಿ ಕಟ್ಟುವ ಗಣಿ ಮಾದರಿಗಳು ಕೆಡುವುದು ಹೆಚ್ಚಾಗಿ ಒಂದೇ ಕಡೆ. ಎಲ್ಲ ಅಂಟಿಸಿ ಮುಗಿಸಿ, ಕೊನೆಗೆ ಹಳೆಯದಾಗಿ ಕಾಣಲಿ ಅಂತ ಮೇಲಿಂದ ಮಸಿನೀರು ಬಳಿಯುತ್ತಾರೆ. ಕೂಡುವಲ್ಲಿ ಉಕ್ಕಿ ಬಂದ ಫೆವಿಕಾಲ್ ಅಷ್ಟು ಹೊತ್ತಿಗೆ ಮರದ ರಂಧ್ರಗಳನ್ನು ಮುಚ್ಚಿಬಿಟ್ಟಿರುತ್ತದೆ. ಅಲ್ಲಿ ಬಣ್ಣ ಇಳಿಯುವುದಿಲ್ಲ, ಒಣಗಿದ ಮೇಲೆ ಕೂಡಿಗೊಂದು ಬಿಳಿಚಿದ ತೇಪೆ ಎದ್ದು ಕಾಣುತ್ತದೆ. ಉಜ್ಜಿ ತೆಗೆಯಲು ಹೋದರೆ ಮರದ ಎಳೆಯೂ ಹೋಗುತ್ತದೆ. ಆದ್ದರಿಂದ ಕತ್ತರಿಸುವುದು, ಎಳೆ ಎದ್ದು ಕಾಣುವಂತೆ ಮಾಡುವುದು, ಬಣ್ಣ ಕಟ್ಟುವುದು, ಒಣಗಿಸುವುದು, ಅಂಟಿಸುವುದು ಎಂಬ ಈ ಸರದಿಯನ್ನು ಬದಲಿಸಬೇಡಿ.

ಅದಕ್ಕೂ ಮುಂಚೆ ಕಾಲ ಗೊತ್ತುಮಾಡಿಕೊಳ್ಳಿ. ಬೆಂಗಳೂರಿನವರು ಗಣಿ ಕಟ್ಟುವುದಾದರೆ ಕಣ್ಣ ಮುಂದಿರುವುದು ಸುಮಾರು 100 ಕಿ.ಮೀ. ದೂರದ ಕೆ.ಜಿ.ಎಫ್. 2001ರ ಫೆಬ್ರವರಿ 28ರಂದು ಕೆಲಸ ನಿಂತ ಆ ಗಣಿಗಳಲ್ಲಿ ಈಗ ಕಾಣುವ ಹೆಡ್‌ಗೇರ್‌ಗಳು, ಅಂದರೆ ಶಾಫ್ಟ್ ಎಂಬ ಗಣಿಬಾವಿಯ ಮೇಲೆ ರಾಟೆ ಹೊತ್ತು ನಿಲ್ಲುವ ಗೋಪುರಗಳು, ಉಕ್ಕಿನವು. ಮರದ ಹೆಡ್‌ಗೇರ್ ಬೇಕಿದ್ದರೆ 19ನೇ ಶತಮಾನದ ಕೊನೆಯ ದಶಕಗಳನ್ನು ಹಿಡಿಯುವುದು ಕ್ಷೇಮ. ಶಿವನಸಮುದ್ರದ ವಿದ್ಯುತ್ ಅಲ್ಲಿಗೆ ಬಂದದ್ದು 1902ರಲ್ಲಿ. ಹಾಗಾಗಿ ನಿಮ್ಮ ದೃಶ್ಯದಲ್ಲಿ ಕರೆಂಟು ಕಂಬ ಇರಬಾರದು, ಬಾಯ್ಲರ್ ಮನೆ, ಚಿಮಣಿ, ಬೂದಿಗುಡ್ಡೆ ಇರಬೇಕು.

ಅಳತೆಗೆ 1:48 ಅನುಕೂಲ. ನಿಜದ ಒಂದು ಅಡಿ ಮಾದರಿಯಲ್ಲಿ ಕಾಲು ಇಂಚು, ಅಂದರೆ 6.35 ಮಿ.ಮೀ. ಹನ್ನೆರಡು ಇಂಚಿನ ಚೌಕ ಕಂಬಕ್ಕೆ 6 ಮಿ.ಮೀ. ಪಟ್ಟಿ ಸಾಕು. ಎರಡು ಇಂಚು ದಪ್ಪದ ಹಲಗೆಗೆ 1 ಮಿ.ಮೀ. ಐಸ್‌ಕ್ರೀಮ್ ಕಡ್ಡಿ ಈ ಅಳತೆಗೆ ತೀರಾ ದಪ್ಪ: ಸುಮಾರು 2 ಮಿ.ಮೀ. ಇರುವ ಕಡ್ಡಿ ನಿಜದ ನಾಲ್ಕು ಇಂಚಿನ ದಿಮ್ಮಿಯಾಗಿಬಿಡುತ್ತದೆ. ಕಾಫಿ ಕಲಕುವ ಮರದ ಕಡ್ಡಿ ನಡೆಯುತ್ತದೆ. ಏರೋಮಾಡೆಲಿಂಗ್ ಅಂಗಡಿಯ ಬಾಲ್ಸಾ ಹಗುರ, ಕತ್ತರಿಸಲು ಸುಲಭ, ಆದರೆ ಅದರ ರಂಧ್ರಗಳು ದೊಡ್ಡವು, ಮಾದರಿಯಲ್ಲಿ ಅವು ಬೆರಳು ತೂರುವ ಬಿರುಕಿನಂತೆ ಕಾಣುತ್ತವೆ. ಒತ್ತು ಎಳೆಯ ಬಾಸ್‌ವುಡ್ ಸಿಕ್ಕರೆ ಅದೇ ಒಳ್ಳೆಯದು.

ಹೆಡ್‌ಗೇರ್‌ನ ಓರೆ ಕಾಲುಗಳ ವಿಷಯದಲ್ಲಿ ಹೆಚ್ಚಿನವರು ಅಂದಾಜಿಗೆ ಬೀಳುತ್ತಾರೆ. ಹಗ್ಗ ಶಾಫ್ಟ್‌ನಿಂದ ನೇರ ಮೇಲೆ ಬಂದು, ರಾಟೆ ಸುತ್ತಿ, ಎಂಜಿನ್ ಮನೆಯ ಕಡೆ ಓರೆಯಾಗಿ ಇಳಿಯುತ್ತದೆ. ಎರಡೂ ಬದಿಯ ಎಳೆತ ಸೇರಿ ಗೋಪುರವನ್ನು ಒತ್ತುವ ದಿಕ್ಕು ಆ ಎರಡು ಹಗ್ಗಗಳ ನಡುವಿನ ಕೋನದ ಸರಿ ಅರ್ಧ. ಇಳಿಯುವ ಹಗ್ಗ ಲಂಬದಿಂದ 45 ಡಿಗ್ರಿ ಇದ್ದರೆ ಒತ್ತಡ 22.5 ಡಿಗ್ರಿಯಲ್ಲಿರುತ್ತದೆ. ಓರೆ ಕಾಲು ಅದಕ್ಕಿಂತ ಹೊರಗೆ ಊರಿರಬೇಕು. ರಾಟೆ 40 ಅಡಿ ಎತ್ತರದಲ್ಲಿದ್ದರೆ ಮಾದರಿಯಲ್ಲಿ ಅದು 254 ಮಿ.ಮೀ. ಕಾಲನ್ನು 30 ಡಿಗ್ರಿಗೆ ಇಟ್ಟರೆ ಬುಡ 147 ಮಿ.ಮೀ. ಆಚೆ ಬೀಳುತ್ತದೆ. ಕಾಲನ್ನು ಎಂಜಿನ್ ಮನೆಯ ಎದುರು ದಿಕ್ಕಿಗೆ ಚಾಚಿದ ಮಾದರಿಗಳೂ ಉಂಟು. ನಿಜದಲ್ಲಿ ಅಂಥ ಗೋಪುರ ಮೊದಲ ಎಳೆತಕ್ಕೇ ಎಂಜಿನ್ ಮನೆಯ ಮೇಲೆ ಬಾಗುತ್ತಿತ್ತು.

ಈಗ ಎಳೆ. ಹಿತ್ತಾಳೆ ತಂತಿಯ ಬ್ರಷ್ಷನ್ನು ಹಲಗೆಯ ಉದ್ದಕ್ಕೆ, ಒಂದೇ ದಿಕ್ಕಿನಲ್ಲಿ ನಾಲ್ಕೈದು ಸಲ ಎಳೆಯಿರಿ. ಕಂಬಗಳಿಗೆ ಹ್ಯಾಕ್ಸಾ ಬ್ಲೇಡಿನ ಹಲ್ಲು ಸಾಕು. ಏಳುವ ನವಿರನ್ನು 320 ನಂಬರಿನ ಪಾಲಿಶ್ ಪೇಪರಿನಿಂದ ಒಂದೇ ಸಲ ಸವರಿ ತೆಗೆಯಿರಿ. ಉಳಿದ ನವಿರು ಬಣ್ಣ ಕುಡಿದು ಪಾಚಿಯಂತೆ ನಿಲ್ಲುತ್ತದೆ.

ಬೂದು ಬಣ್ಣಕ್ಕೆ 500 ಮಿ.ಲೀ. ಐಸೊಪ್ರೊಪೈಲ್ ಆಲ್ಕೋಹಾಲಿಗೆ ಒಂದು ಟೀ ಚಮಚ ಇಂಡಿಯನ್ ಇಂಕ್. ಇನ್ನೊಂದು ಬಾಟಲಿಯಲ್ಲಿ ಎರಡು ಚಮಚ, ಮೂರನೆಯದರಲ್ಲಿ ಕಂದು ಇಂಕ್. ಕಿಟಕಿ ತೆರೆದಿಟ್ಟು, ಒಲೆಯಿಂದ ದೂರ ಕೂತು ಕೆಲಸ ಮಾಡಿ. ನೂರು ಹಲಗೆ ಇದ್ದರೆ ಅರವತ್ತನ್ನು ಮೊದಲ ಬಾಟಲಿಗೆ ಅದ್ದಿ, ಇಪ್ಪತ್ತೈದನ್ನು ಅದರಲ್ಲೇ ಅದ್ದಿ ತಕ್ಷಣ ಒರೆಸಿ, ಹತ್ತನ್ನು ಗಾಢದ್ದಕ್ಕೆ, ಐದನ್ನು ಕಂದಿಗೆ ಹಾಕಿ. ಆಮೇಲೆ ಇಸ್ಪೀಟೆಲೆಯಂತೆ ಕಲಸಿ. ಆಲ್ಕೋಹಾಲ್ ಬೇಗ ಆರುವುದರಿಂದ ಹಲಗೆ ಅಷ್ಟಾಗಿ ಡೊಂಕಾಗುವುದಿಲ್ಲ. ನೀರಿನ ಬಣ್ಣವಾದರೆ ಎರಡೂ ಮುಖ ನೆನೆಸಿ, ಹಳೆ ಪೇಪರ್ ನಡುವೆ ಇಟ್ಟು ಮೇಲೆ ಭಾರ ಹೇರಿ.

ನನಗೆ ಇದಕ್ಕಿಂತ ಹಿಡಿಸುವುದು ಟೀ ಡಿಕಾಕ್ಷನ್ ಮತ್ತು ಕಬ್ಬಿಣದ ವಿಧಾನ, ಏಕೆಂದರೆ ನಿಜದ ಮರದಲ್ಲಿ ಮೊಳೆಯ ಸುತ್ತ ಕಪ್ಪಾಗುವುದೂ ಇದೇ ಕ್ರಿಯೆಯಿಂದ: ಮರದಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶ ಕಬ್ಬಿಣದ ಜೊತೆ ಸೇರಿ ಕಪ್ಪಾಗುತ್ತದೆ. ಬಾಸ್‌ವುಡ್‌ನಲ್ಲಿ ಟ್ಯಾನಿನ್ ಕಡಿಮೆ, ಅದನ್ನು ಟೀ ಕೊಡುತ್ತದೆ. ಎರಡು ಚಮಚ ಟೀಪುಡಿಯನ್ನು ಒಂದು ಲೋಟ ನೀರಲ್ಲಿ ಹತ್ತು ನಿಮಿಷ ಕುದಿಸಿ, ಸೋಸಿ, ಮರಕ್ಕೆ ಬಳಿದು ಒಣಗಿಸಿ. 200 ಮಿ.ಲೀ. ಬಿಳಿ ವಿನೆಗರಿನಲ್ಲಿ ಒಂದು ಹಿಡಿ ನಯವಾದ ಸ್ಟೀಲ್ ವೂಲ್ ಹಾಕಿ ಎರಡು ಮೂರು ದಿನ ಬಿಡಿ. ಮುಚ್ಚಳ ಬಿಗಿ ಮಾಡಬೇಡಿ, ಒಳಗೆ ಅನಿಲ ಹುಟ್ಟುತ್ತದೆ. ಪಾತ್ರೆ ಉಜ್ಜುವ ಹೊಳಪಿನ ಸ್ಕ್ರಬ್ಬರ್ ಹೆಚ್ಚಾಗಿ ಸ್ಟೇನ್‌ಲೆಸ್, ಅದು ಕರಗುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಬಡಗಿಗಳ ಸ್ಟೀಲ್ ವೂಲ್ ಕೇಳಿ. ಸೋಸಿದ ದ್ರವಕ್ಕೆ ಮೂರು ಪಾಲು ನೀರು ಬೆರೆಸಿ ಬಳಿಯಿರಿ. ಬಳಿದ ಕ್ಷಣ ಏನೂ ಕಾಣದು, ಹತ್ತು ಹದಿನೈದು ನಿಮಿಷದಲ್ಲಿ ಬೂದು ಏರುತ್ತದೆ. ಕಾಣಲಿಲ್ಲ ಅಂತ ಮತ್ತೆ ಬಳಿದವರ ಹಲಗೆ ಇದ್ದಿಲಾಗುತ್ತದೆ.

ಒಂದು ಬೋಲ್ಟನ್ನು ಹತ್ತಿರದಿಂದ ನೋಡೋಣ. ಗುಂಡುಸೂಜಿಯ ತಲೆಯಿಂದ 4 ಮಿ.ಮೀ. ಬಿಟ್ಟು ಕತ್ತರಿಸಿ. ಕಂಬದಲ್ಲಿ 0.8 ಮಿ.ಮೀ. ತೂತು ಕೊರೆದು, ಎಳ್ಳುಕಾಳಿನಷ್ಟು ಫೆವಿಕಾಲನ್ನು ಸೂಜಿಯ ತುದಿಗೆ ಮಾತ್ರ ಹಚ್ಚಿ ಒಳಗೆ ತಳ್ಳಿ. ತಲೆಗೆ ಕಡುಕಂದು ಅಕ್ರಿಲಿಕ್. ಟೀ ಕುಡಿದ ಕಂಬವಾದರೆ 00 ಬ್ರಷ್ಷಿನ ತುದಿಯಲ್ಲಿ ನೀರು ಬೆರೆಸದ ಕಬ್ಬಿಣದ ದ್ರವ ತೆಗೆದು, ತಲೆಯ ಕೆಳಗಿಂದ 6 ಮಿ.ಮೀ. ಕೆಳಕ್ಕೆ, ಹೋಗ್ತಾ ಹೋಗ್ತಾ ಸಪೂರವಾಗುವ ಗೆರೆ ಎಳೆಯಿರಿ. ಒಣಗಿದ ಮೇಲೆ ಕಿತ್ತಳೆಗಂದು ಪೇಸ್ಟಲ್ ಪುಡಿಯನ್ನು ತಲೆಯ ಅಂಚಿಗೆ ಮಾತ್ರ ತಾಕಿಸಿ. ಕಪ್ಪು ಉದ್ದ, ಕಿತ್ತಳೆ ಗಿಡ್ಡ. ತಿರುಗಾಮುರುಗಾ ಆದರೆ ಅರಿಶಿನ ಸುರಿದ ಹಾಗಿರುತ್ತದೆ. ಸೂರಿನಡಿಯ ಬೋಲ್ಟಿಗೆ ಗೆರೆಯೇ ಬೇಡ, ಅಲ್ಲಿಗೆ ಮಳೆ ತಲುಪುವುದಿಲ್ಲ.

ಇದೇ ಲೆಕ್ಕ ಇಡೀ ಕಟ್ಟಡಕ್ಕೂ. ಮರ ಬೂದಾಗುವುದು ಬಿಸಿಲು ಮೇಲ್ಪದರದ ಲಿಗ್ನಿನ್ (ಮರದ ನಾರನ್ನು ಬಿಗಿಹಿಡಿಯುವ ವಸ್ತು) ಒಡೆದು, ಮಳೆ ಅದನ್ನು ತೊಳೆದಾಗ. ಸೂರಿನಡಿ ಕಂದು ಉಳಿಯುತ್ತದೆ. ಕಂಬದ ಬುಡದ 9-10 ಮಿ.ಮೀ. ಮಳೆಹನಿ ಸಿಡಿಸಿದ ಕೆಮ್ಮಣ್ಣಿನಿಂದ ಗಾಢವಾಗುತ್ತದೆ. ಅದಿರು ಜಾರುವ ತೊಟ್ಟಿಯ ತಳ ಸದಾ ಉಜ್ಜಿಸಿಕೊಂಡು ಹೊಳೆಯುತ್ತದೆ, ಅಲ್ಲಿ ತುಕ್ಕು ಹಚ್ಚಬೇಡಿ, 6ಬಿ ಪೆನ್ಸಿಲ್ ಉಜ್ಜಿ.

ಹಲಗೆಯ ಮೊಳೆಗುರುತಿಗೆ ಟೈಲರುಗಳ ಹಲ್ಲಿನ ಗಾಲಿ ಬೇಡ, ಸಾಲು ಒತ್ತೊತ್ತಾಗಿ ಬೀಳುತ್ತದೆ. ಜಂತೆ ಇರುವಲ್ಲಿ ಮಾತ್ರ, ಅಂದರೆ 12.7 ಮಿ.ಮೀ.ಗೊಮ್ಮೆ, ಸೂಜಿಯಿಂದ ಜೋಡಿ ಚುಕ್ಕೆ ಸಾಕು.

ಚಾವಣಿಗೆ ಹೊದಿಸುವ ಸುಕ್ಕು ತಗಡಿನ ಮೂರು ಇಂಚಿನ ಅಲೆ 1:48ರಲ್ಲಿ 1.6 ಮಿ.ಮೀ. ಎಂ10 (10 ಮಿ.ಮೀ. ದಪ್ಪದ) ಥ್ರೆಡ್ ರಾಡಿನ ಪಿಚ್, ಅಂದರೆ ಮರೆಗಳ ನಡುವಿನ ಅಂತರ, 1.5 ಮಿ.ಮೀ., ಕಣ್ಣಿಗೆ ವ್ಯತ್ಯಾಸ ತಿಳಿಯದು. ಪಾರ್ಸೆಲ್ ಊಟದ ಅಲ್ಯೂಮಿನಿಯಂ ಡಬ್ಬಿಯ ತಳ ಕತ್ತರಿಸಿ, ರಬ್ಬರ್ ಹಾಳೆಯ ಮೇಲಿಟ್ಟು ರಾಡನ್ನು ಒತ್ತಿ ಒಮ್ಮೆ ಉರುಳಿಸಿ. ಅಲೆಗಳು ಸುಮಾರು 3 ಡಿಗ್ರಿ ಓರೆ ಬರುತ್ತವೆ, ಆದ್ದರಿಂದ ಡಬ್ಬಿಯ ಅಂಚು ಹಿಡಿದಲ್ಲ, ಅಲೆಯ ಗುಂಟ 51 x 13 ಮಿ.ಮೀ. ತುಂಡು ಮಾಡಿ. ಕೆಳಸಾಲು ಮೊದಲು ಅಂಟಿಸಿ, ಮೇಲಿನ ಸಾಲು 3 ಮಿ.ಮೀ. ಅದರ ಮೇಲೆ ಬರಲಿ.

ನೆಲಕ್ಕೆ ಥರ್ಮಾಕೋಲ್ ಬಳಸಿದರೆ ಫೆವಿಕಾಲ್ ಮಾತ್ರ. ಸಾಲ್ವೆಂಟ್ ಇರುವ ರಬ್ಬರ್ ಅಂಟು ಅದನ್ನು ಕರಗಿಸಿ ಗುಂಡಿ ಮಾಡುತ್ತದೆ. ಶಾಫ್ಟ್‌ನಿಂದ ತೆಗೆದ ಕಲ್ಲಿನ ರಾಶಿಗೂ ಅರೆದ ಮರಳಿನ ದಿಬ್ಬಕ್ಕೂ ಬಣ್ಣ ಬೇರೆ. ಕೋಲಾರದ ಕಲ್ಲು ಹಸಿರು ಛಾಯೆಯ ಕಪ್ಪು ಹಾರ್ನ್‌ಬ್ಲೆಂಡ್ ಶಿಸ್ಟ್, ನಡುವೆ ಬಿಳಿ ಸ್ಫಟಿಕಶಿಲೆಯ ಚೂರು. ಅರೆದು ಚಿನ್ನ ತೆಗೆದ ಮೇಲೆ ಉಳಿದ ಸೈನೈಡ್ ದಿಬ್ಬ ಮಾತ್ರ ಮಂಕು ಬೂದುಬಿಳಿ, ನುಣುಪು, ಮಳೆ ಕೊರೆದ ಸೀಳುಗಳಿಂದ ತುಂಬಿದ್ದು.

ಮ್ಯಾಟ್ ವಾರ್ನಿಷ್ ಸ್ಪ್ರೇ ಮಾಡುವುದಿದ್ದರೆ ಜಡಿಮಳೆಯ ದಿನ ಬೇಡ, ತೇವದಲ್ಲಿ ಪದರ ಬೆಳ್ಳಗಾಗುತ್ತದೆ. ಸ್ಪ್ರೇ ಆದ ಮೇಲೆ ಆಲ್ಕೋಹಾಲ್ ಮಸಿ ತಾಕಿಸಿದರೂ ಹಾಗೇ ಬಿಳಿಮಂಜು ಕೂರುತ್ತದೆ, ತೆಳುವಾಗಿ ಇನ್ನೊಂದು ಕೋಟ್ ಕೊಟ್ಟರೆ ಬಹುಪಾಲು ಹೋಗುತ್ತದೆ. ಪೇಸ್ಟಲ್ ಪುಡಿ ವಾರ್ನಿಷ್ ಬಿದ್ದೊಡನೆ ಅರ್ಧ ಮಾಯವಾಗುವುದರಿಂದ ಕೊನೆಯ ಪುಡಿಯನ್ನು ಸ್ಪ್ರೇ ನಂತರ ಹಚ್ಚಿ, ಹಾಗೇ ಬಿಟ್ಟು, ಗಾಜಿನ ಪೆಟ್ಟಿಗೆಯಲ್ಲಿಡಿ.