ಜೇಕಬ್ ಹೊವಾರ್ಡ್ ಸೇರಿಸಿದ ಒಂದು ವಾಕ್ಯ

2025ರ ಜನವರಿ 20ರಂದು ಟ್ರಂಪ್ ಒಂದು ಆದೇಶಕ್ಕೆ ಸಹಿ ಹಾಕಿದರು. ತಾಯಿ ತಾತ್ಕಾಲಿಕ ವೀಸಾದಲ್ಲಿದ್ದು, ತಂದೆಗೆ ಪೌರತ್ವವಾಗಲಿ ಗ್ರೀನ್ ಕಾರ್ಡ್ ಆಗಲಿ ಇಲ್ಲದಿದ್ದರೆ, ಅಮೆರಿಕದಲ್ಲೇ ಹುಟ್ಟಿದ ಮಗುವಿಗೂ ಪೌರತ್ವ ಇಲ್ಲ ಅಂತ. ಎಚ್-1ಬಿ ಎಂಬ ತಾತ್ಕಾಲಿಕ ಕೆಲಸದ ವೀಸಾ ಮೇಲೆ ಹೋದ ಕನ್ನಡದ ಕುಟುಂಬಗಳೂ ಈ ಲೆಕ್ಕಕ್ಕೆ ಬರುತ್ತವೆ. ವಿಷಯ ಕೋರ್ಟಿಗೆ ಹೋದಾಗ ಎರಡೂ ಕಡೆಯವರು ಹಳೆಯ ಸೆನೆಟರ್ ಒಬ್ಬರ ಮಾತನ್ನು ಎಳೆದು ತಂದರು. ಅವರೇ ಜೇಕಬ್ ಹೊವಾರ್ಡ್.

ಹುಟ್ಟಿದ್ದು 1805ರಲ್ಲಿ, ವರ್ಮಾಂಟ್‌ನಲ್ಲಿ. ವಕೀಲಿಕೆ ಡೆಟ್ರಾಯಿಟ್‌ನಲ್ಲಿ. ಮಿಶಿಗನ್ ಶಾಸಕ, ಒಂದು ಅವಧಿಗೆ ಕಾಂಗ್ರೆಸ್ ಸದಸ್ಯ, ರಾಜ್ಯದ ಅಟಾರ್ನಿ ಜನರಲ್, 1862ರಿಂದ ಸೆನೆಟರ್. 1854ರಲ್ಲಿ ಮಿಶಿಗನ್‌ನ ಜಾಕ್ಸನ್‌ನಲ್ಲಿ ಗುಲಾಮಗಿರಿ ವಿರೋಧಿಗಳು ಸೇರಿದಾಗ ಹೊಸ ರಿಪಬ್ಲಿಕನ್ ಪಕ್ಷದ ನಿರ್ಣಯಗಳನ್ನು ಬರೆಯುವುದರಲ್ಲೂ ಇವರ ಕೈಯಿತ್ತು.

ಕಪ್ಪು ಜನ ಅಮೆರಿಕದ ಪೌರರಾಗಲಾರರು ಎಂದು ಸುಪ್ರೀಂ ಕೋರ್ಟ್ 1857ರಲ್ಲಿ ಡ್ರೆಡ್ ಸ್ಕಾಟ್ ಪ್ರಕರಣದಲ್ಲಿ ಹೇಳಿಬಿಟ್ಟಿತ್ತು. ಅಂತರ್ಯುದ್ಧ ಮುಗಿದು ಗುಲಾಮಗಿರಿ ಹೋದರೂ ಆ ತೀರ್ಪಿಗೆ ಸಂವಿಧಾನದಲ್ಲೇ ಉತ್ತರ ಕೊಡಬೇಕಿತ್ತು. ಅದಕ್ಕೇ 14ನೇ ತಿದ್ದುಪಡಿ. ಸೆನೆಟ್‌ನಲ್ಲಿ ಅದನ್ನು ಮಂಡಿಸಬೇಕಿದ್ದ ಸೆನೆಟರ್ ಫೆಸೆಂಡೆನ್ ಕಾಯಿಲೆ ಬಿದ್ದರು, ಕೆಲಸ ಹೊವಾರ್ಡ್ ಪಾಲಿಗೆ ಬಂತು.

1866ರ ಮೇ 30ರಂದು ಹೊವಾರ್ಡ್ ತಿದ್ದುಪಡಿಗೆ ಹೊಸದೊಂದು ವಾಕ್ಯ ಸೇರಿಸಿದರು: ಅಮೆರಿಕದಲ್ಲಿ ಹುಟ್ಟಿ, ಅದರ ಅಧಿಕಾರ ವ್ಯಾಪ್ತಿಗೆ ಒಳಪಟ್ಟವರೆಲ್ಲ ಪೌರರು. ವಿವರಿಸುವಾಗ, ವಿದೇಶಿಯರು, ಪರಕೀಯರು, ರಾಯಭಾರಿಗಳ ಕುಟುಂಬದವರು ಇದರಲ್ಲಿ ಬರುವುದಿಲ್ಲ ಅಂದರು. ಇದು ಮೂರು ಬೇರೆ ಗುಂಪೋ, ರಾಯಭಾರಿ ಕುಟುಂಬಗಳ ವರ್ಣನೆಯೋ? ಜಗಳ ಇರುವುದೇ ಇಲ್ಲಿ.

ನನಗೆ ಕಾಣುವಂತೆ, ಅವತ್ತಿನ ಉಳಿದ ಚರ್ಚೆ ಓದಿದರೆ ಅನುಮಾನ ಜಾಸ್ತಿ ಉಳಿಯುವುದಿಲ್ಲ. ಪೆನ್ಸಿಲ್ವೇನಿಯಾದ ಸೆನೆಟರ್ ಕೋವನ್ ಎದ್ದು, ಹಾಗಾದರೆ ಚೀನೀಯರ ಮಗುವೂ ಪೌರನಾ ಎಂದು ಗದರಿದರು. ಕ್ಯಾಲಿಫೋರ್ನಿಯಾದ ಸೆನೆಟರ್ ಕಾನೆಸ್, ಹೌದು, ಆಗಲೇಬೇಕು ಎಂದರು. ವಿದೇಶಿಯರ ಮಕ್ಕಳೂ ಸೇರುತ್ತಾರೆ ಎಂದು ಗೊತ್ತಿದ್ದೇ ಸೆನೆಟ್ ಒಪ್ಪಿದೆ, ಅಲ್ವಾ?

ತಿದ್ದುಪಡಿ 1868ರಲ್ಲಿ ಜಾರಿಗೆ ಬಂತು. 1871ರಲ್ಲಿ ಹೊವಾರ್ಡ್ ತೀರಿಕೊಂಡರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚೀನೀ ದಂಪತಿಗೆ ಹುಟ್ಟಿದ ವಾಂಗ್ ಕಿಮ್ ಆರ್ಕ್ ಅಮೆರಿಕದ ಪೌರನೇ ಎಂದು ಸುಪ್ರೀಂ ಕೋರ್ಟ್ 1898ರಲ್ಲಿ 6-2ರಲ್ಲಿ ತೀರ್ಪು ಕೊಟ್ಟಿತು.

ಹಾಗಂತ ಹೊವಾರ್ಡ್ ಎಲ್ಲರಿಗೂ ಬಾಗಿಲು ತೆರೆದರು ಅನ್ನುವಂತಿಲ್ಲ. ಬುಡಕಟ್ಟುಗಳೊಂದಿಗೇ ಬಾಳುತ್ತಿದ್ದ ಅಲ್ಲಿನ ಮೂಲನಿವಾಸಿಗಳು ಇದರಲ್ಲಿ ಸೇರುವುದಿಲ್ಲ ಎಂದು ಅವರೇ ಸೆನೆಟ್‌ನಲ್ಲಿ ಹೇಳಿದ್ದರು. ಅದೇ ನೆಲದಲ್ಲಿ ಹುಟ್ಟಿದ ಅವರೆಲ್ಲರಿಗೂ ಪೌರತ್ವ ಸಿಕ್ಕಿದ್ದು 1924ರ ಬೇರೊಂದು ಕಾನೂನಿನಿಂದ.