ಫೆರೋಕಾಂತೀಯ ಅನುರಣನ

‘ರಣನ’ವೆಂದರೆ ಮೊಳಗುವ ನಾದ. ಭೌತಶಾಸ್ತ್ರದಲ್ಲಿ ‘ಅನುರಣನ’ವೆಂಬ ಪದಕ್ಕೆ ಸದ್ದಿನಾಚೆಗೂ ವ್ಯಾಪ್ತಿಯಿದ್ದು, ವಸ್ತುವೊಂದು ತನ್ನ ಸಹಜ ಆವರ್ತನಕ್ಕೆ ಹೊಂದುವ ತರಂಗದಿಂದ ಹೆಚ್ಚಿನ ಶಕ್ತಿಯನ್ನು ಹೀರಿಕೊಳ್ಳುವುದನ್ನು ಅದು ಸೂಚಿಸುತ್ತದೆ.

ಎಲೆಕ್ಟ್ರಾನಿನ ಸ್ಪಿನ್, ಅಂದರೆ ಅದಕ್ಕೆ ಹುಟ್ಟಿನಿಂದಲೇ ಇರುವ ತಿರುಗುವಿಕೆಯಂಥ ಗುಣ, ಅದನ್ನೊಂದು ಪುಟ್ಟ ಅಯಸ್ಕಾಂತವನ್ನಾಗಿಸುತ್ತದೆ. ಕಾಂತಕ್ಷೇತ್ರದಲ್ಲಿ ಅದು, ವಾಲಿದ ಬುಗುರಿಯ ಅಕ್ಷ ಸುತ್ತುವಂತೆ, ಕ್ಷೇತ್ರದ ದಿಕ್ಕಿನ ಸುತ್ತ ತಿರುಗುತ್ತದೆ. ಒಂದು ಟೆಸ್ಲಾ ಕ್ಷೇತ್ರಕ್ಕೆ ಈ ಆವರ್ತನ ಸುಮಾರು 28 ಗಿಗಾಹರ್ಟ್ಸ್. ಕಾಂತವಸ್ತುವಿನಲ್ಲಿ ಸ್ಪಿನ್‌ಗಳು ಬಿಡಿಬಿಡಿಯಾಗಿರದೆ ಪರಸ್ಪರ ಬಿಗಿದುಕೊಂಡಿರುವುದರಿಂದ ಅವೆಲ್ಲ ಒಟ್ಟಾಗಿ ತಿರುಗುತ್ತವೆ, ಮತ್ತು ಅದೇ ಆವರ್ತನದ ಮೈಕ್ರೋತರಂಗವನ್ನು ಹಾಯಿಸಿದಾಗ ಒಟ್ಟಾಗಿಯೇ ಶಕ್ತಿಯನ್ನು ಹೀರುತ್ತವೆ. ಇದೇ ಫೆರೋಕಾಂತೀಯ ಅನುರಣನ. ಆಕ್ಸ್‌ಫರ್ಡಿನ ಭೌತವಿಜ್ಞಾನಿ ಗ್ರಿಫಿತ್ಸ್ 1946ರಲ್ಲಿ ಲೋಹಗಳಲ್ಲಿ ಇದನ್ನು ಕಂಡಾಗ, ಅನುರಣನ ಕಂಡ ಕ್ಷೇತ್ರ ಮೇಲಿನ ಲೆಕ್ಕಕ್ಕೆ ಹೊಂದಲಿಲ್ಲ. ಮಾದರಿಯ ಆಕಾರವೇ ಒಳಗಿನ ಕ್ಷೇತ್ರವನ್ನು ಬದಲಿಸುತ್ತದೆಂದು ಭೌತವಿಜ್ಞಾನಿ ಕಿಟೆಲ್ ತೋರಿಸಿದ ಮೇಲೆ ಗೊಂದಲ ಬಗೆಹರಿಯಿತು.

ಫೆರೋಕಾಂತವೆಂದರೆ ಸ್ಪಿನ್‌ಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿರುವ ವಸ್ತು; ಆಕ್ಸೈಡುಗಳ ವಿಷಯದಲ್ಲಿ ‘ಫೆರೋಕಾಂತೀಯ’ ಎಂಬ ಹೆಸರು ತುಸು ಸಡಿಲವೇ. ಗ್ರೆನೋಬಲ್‌ನಲ್ಲಿ ಬೆರ್ತೋ ಮತ್ತು ಫೊರಾ 1956ರಲ್ಲಿ ವರದಿ ಮಾಡಿದ ಯಿಟ್ರಿಯಮ್ ಕಬ್ಬಿಣ ಗಾರ್ನೆಟ್ ಎಂಬ ಆಕ್ಸೈಡು ವಾಸ್ತವದಲ್ಲಿ ಫೆರಿಕಾಂತ: ಅದರ ಪ್ರತಿ ಐದು ಕಬ್ಬಿಣದ ಅಯಾನುಗಳಲ್ಲಿ ಮೂರು ಒಂದು ದಿಕ್ಕಿಗೆ, ಎರಡು ಅದರ ಎದುರು ದಿಕ್ಕಿಗೆ ಮುಖ ಮಾಡಿರುವುದರಿಂದ ಒಂದು ಅಯಾನಿನಷ್ಟು ಕಾಂತತೆ ಮಾತ್ರ ಉಳಿಯುತ್ತದೆ. ಆದರೂ ‘ಫೆರೋ’ ಎಂಬ ರೂಢಿಯೇ ನಿಂತಿದೆ.

ಪ್ರಯೋಗದಲ್ಲಿ ಸಾಮಾನ್ಯವಾಗಿ ತರಂಗದ ಆವರ್ತನವನ್ನು ಸ್ಥಿರವಾಗಿಟ್ಟು ಕಾಂತಕ್ಷೇತ್ರವನ್ನು ನಿಧಾನವಾಗಿ ಬದಲಿಸುತ್ತಾರೆ. ಹೀರಿಕೆ ಯಾವ ಕ್ಷೇತ್ರದಲ್ಲಿ ಗರಿಷ್ಠವಾಗುತ್ತದೆ ಎಂಬುದಕ್ಕಿಂತ, ಕ್ಷೇತ್ರದೊಂದಿಗೆ ಏರಿಳಿಯುವ ಆ ಹೀರಿಕೆಯ ರೇಖೆ ಎಷ್ಟು ಅಗಲವಾಗಿದೆ ಎಂಬುದೇ ನನ್ನ ಮಟ್ಟಿಗೆ ಹೆಚ್ಚು ಅರ್ಥಪೂರ್ಣ. ಸ್ಪಿನ್‌ಗಳ ಚಲನೆ ಬೇಗ ನಂದಿದಷ್ಟೂ ರೇಖೆ ಅಗಲವಾಗುತ್ತದೆ. ಸುಮಾರು 10 ಗಿಗಾಹರ್ಟ್ಸ್‌ನಲ್ಲಿ, 3,500 ಓಯರ್‌ಸ್ಟೆಡ್‌ನ (ಇದೂ ಕಾಂತಕ್ಷೇತ್ರದ ಒಂದು ಮಾನ) ಆಸುಪಾಸಿನಲ್ಲಿ ಕಾಣುವ ಒಳ್ಳೆಯ ಗಾರ್ನೆಟ್ ಗೋಲದ ರೇಖೆ ಒಂದು ಓಯರ್‌ಸ್ಟೆಡ್‌ಗಿಂತಲೂ ಕಿರಿದಾಗಿರಬಲ್ಲದು. ಇದಕ್ಕೆ ಎರಡು ಕಾರಣಗಳಿವೆ. ಈ ಆಕ್ಸೈಡು ವಿದ್ಯುತ್ ನಿರೋಧಕವಾದ್ದರಿಂದ, ಲೋಹದಲ್ಲಿರುವಂತೆ ಶಕ್ತಿಯನ್ನು ಕಸಿಯುವ ವಾಹಕ ಎಲೆಕ್ಟ್ರಾನುಗಳು ಇದರಲ್ಲಿಲ್ಲ. ಜೊತೆಗೆ, ಮೂರು ಧನಾವೇಶವುಳ್ಳ ಕಬ್ಬಿಣದ ಅಯಾನಿನ ಡಿ ಕಕ್ಷಕಗಳು (ಎಲೆಕ್ಟ್ರಾನುಗಳ ಒಂದು ಬಗೆಯ ನೆಲೆಗಳು) ಸರಿಯಾಗಿ ಅರ್ಧ ತುಂಬಿರುವುದರಿಂದ ಅದರ ಒಟ್ಟು ಕಕ್ಷೀಯ ಚಲನೆ ಶೂನ್ಯವಾಗಿದ್ದು, ಸ್ಪಿನ್‌ಗೂ ಹರಳಿನ ಕಂಪನಗಳಿಗೂ ನಂಟು ತೀರ ಕ್ಷೀಣವಾಗಿರುತ್ತದೆ. ಕಕ್ಷೀಯ ಚಲನೆಯುಳ್ಳ ಟರ್ಬಿಯಮ್‌ನಂಥ ವಿರಳ ಭಸ್ಮ ಧಾತು ಅಲ್ಪ ಪ್ರಮಾಣದಲ್ಲಿ ಬೆರೆತರೂ ಸಾಕು, ವಿಶೇಷವಾಗಿ ತಗ್ಗಿನ ಉಷ್ಣತೆಯಲ್ಲಿ, ರೇಖೆ ಹಿಗ್ಗುತ್ತದೆ.

ಅಗಲಕ್ಕೆಲ್ಲ ರಾಸಾಯನಿಕ ಕಾರಣವೇ ಇರಬೇಕೆಂದಿಲ್ಲ. ಗೋಲದ ಮೈ ತರಿತರಿಯಾಗಿದ್ದರೆ ಸಾಮೂಹಿಕ ಚಲನೆ ಅಲ್ಲಲ್ಲಿ ಚದುರಿ ಸಣ್ಣ ಸ್ಪಿನ್ ಅಲೆಗಳಾಗಿ ಒಡೆಯುತ್ತದೆ; ಆದ್ದರಿಂದ ಅಳತೆಗೆ ಮುನ್ನ ಗೋಲವನ್ನು ಕನ್ನಡಿಯಂತೆ ನುಣುಪಾಗುವವರೆಗೆ ಉಜ್ಜುತ್ತಾರೆ.