ಬಡಾವಣೆ ಬದಲಾಗಿದೆ, ಮನೆ ಮಾರಿ ಹೋಗಬೇಕೆ?

ಓದುಗರ ಪ್ರಶ್ನೆ: ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿ ನಮ್ಮ ತಂದೆಯವರು ಕಟ್ಟಿಸಿದ ಮನೆಯಿದೆ. ಪಕ್ಕದ ಮನೆ ಪಿಜಿ ಆಗಿದೆ, ಎದುರಿನದನ್ನು ಕೆಡವಿ ಐದು ಅಂತಸ್ತು ಏರಿಸುತ್ತಿದ್ದಾರೆ, ತಿರುವಿನಲ್ಲಿ ಪಬ್ ಬಂದಿದೆ. ಬ್ರೋಕರುಗಳ ಫೋನ್ ತಪ್ಪುವುದಿಲ್ಲ. ಒಳ್ಳೆಯ ಬೆಲೆ ಇರುವಾಗಲೇ ಮಾರಿ ಹೊರವಲಯಕ್ಕೆ ಹೋಗುವುದು ಸರಿಯೆ?

ಉತ್ತರ: ಇಂದಿರಾನಗರ, ಕೋರಮಂಗಲ, ಜಯನಗರಗಳ ನಿವಾಸಿಗಳು ಬಹಳ ಕಾಲದಿಂದ ಕೇಳಿಕೊಳ್ಳುತ್ತಿರುವ ಪ್ರಶ್ನೆಯಿದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಬಡಾವಣೆ ಬಿಡುವ ನಿರ್ಧಾರ ಬೇರೆ, ಮನೆ ಮಾರುವ ನಿರ್ಧಾರ ಬೇರೆ, ಮೊದಲನೆಯದನ್ನು ಬೇಕಾದರೆ ಬೇಗ ಮಾಡಿ, ಎರಡನೆಯದನ್ನು ನಿಧಾನಕ್ಕೆ ಮಾಡಿ.

ನಿಮ್ಮನ್ನು ಕಾಡುತ್ತಿರುವ ತೊಂದರೆಗಳಲ್ಲಿ ಕಾಮಗಾರಿ ಮುಗಿದ ಮೇಲೆ ಹೋಗುವಂಥವು ಯಾವುವು, ಉಳಿಯುವಂಥವು ಯಾವುವು ಎಂಬುದನ್ನು ಮೊದಲು ಬೇರ್ಪಡಿಸಬೇಕು. ಇಂದಿರಾನಗರದ ಸಿಎಂಎಚ್ ರಸ್ತೆಯಲ್ಲಿ ಎತ್ತರಿಸಿದ ಮೆಟ್ರೊ ಮಾರ್ಗ ಬೇಡವೆಂದು ಅಲ್ಲಿನ ವರ್ತಕರು ಹೋರಾಡಿದ್ದರು. 2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ರೈಲು ಓಡತೊಡಗಿದಾಗ ಆ ರಸ್ತೆಯ ಅಗೆತ, ಬ್ಯಾರಿಕೇಡು, ದೂಳು ಮುಗಿದವು. ಹೊಸೂರು ರಸ್ತೆಯ ಜನ ವರ್ಷಗಟ್ಟಲೆ ಅದೇ ಪಾಡುಪಟ್ಟ ಮೇಲೆ 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಬಂತು. ಆದರೆ ಅದೇ ಇಂದಿರಾನಗರದ 100 ಅಡಿ ರಸ್ತೆ ಮತ್ತು 12ನೇ ಮುಖ್ಯರಸ್ತೆಗಳ ವ್ಯಾಪಾರ, ರಾತ್ರಿಯ ಸದ್ದು, ಮನೆಯ ಗೇಟಿಗೆ ಅಡ್ಡ ನಿಲ್ಲುವ ಕಾರುಗಳು ಮಾತ್ರ ಹೋಗಲಿಲ್ಲ, ಹೋಗುವ ಸೂಚನೆಯೂ ಇಲ್ಲ. ಎದುರು ಮನೆಯ ಕಟ್ಟಡದ ಕೆಲಸ ಒಂದೆರಡು ವರ್ಷದ ಸಂಕಟ. ಅದರ ನೆರಳು ನಿಮ್ಮ ಅಂಗಳಕ್ಕೆ ಬೀಳುವುದು ಶಾಶ್ವತ.

ಪಬ್ಬಿನ ಸದ್ದನ್ನು ಹಣೆಬರಹವೆಂದು ಒಪ್ಪಿಕೊಳ್ಳಬೇಕಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬೆಲ್. ನಿಮ್ಮ ರಸ್ತೆಯಲ್ಲಿ ವ್ಯಾಪಾರಕ್ಕೆ ಅವಕಾಶ ಇದೆಯೇ ಎಂಬುದನ್ನು 2015ರವರೆಗಿನ ಬೆಳವಣಿಗೆಗೆಂದು 2007ರಲ್ಲಿ ಅನುಮೋದನೆಗೊಂಡ ನಗರದ ‘ಪರಿಷ್ಕೃತ ಮಹಾಯೋಜನೆ 2015’ರ ವಲಯ ನಕ್ಷೆಯಲ್ಲಿ ನೋಡಿಕೊಳ್ಳಬಹುದು. ನಕ್ಷೆಯಲ್ಲಿ ನಿಮ್ಮ ರಸ್ತೆ ಪೂರ್ತಿ ವಸತಿ ವಲಯವಾಗಿದ್ದರೆ ನಿವಾಸಿಗಳ ಸಂಘ ಸೇರಿ ದೂರು ಕೊಡುವುದರಲ್ಲಿ ಅರ್ಥವಿದೆ. ಮಿಶ್ರ ವಲಯವಾಗಿದ್ದರೆ ಆ ಹೋರಾಟದಲ್ಲಿ ಆಯಸ್ಸು ಕಳೆಯಬೇಡಿ ಎಂದೇ ನಾನು ಹೇಳುವುದು.

ನಕ್ಷೆ ನೋಡುವಾಗ ಇನ್ನೊಂದನ್ನೂ ವಿಚಾರಿಸಿ: ನಿಮ್ಮ ಸೈಟಿನ ಮೇಲೆ ರಸ್ತೆ ಅಗಲೀಕರಣದ ಗುರುತೋ ಭೂಸ್ವಾಧೀನದ ಅಧಿಸೂಚನೆಯೋ ಇದೆಯೇ ಎಂಬುದು. ಇದ್ದರೆ ಮೇಲಿನ ಲೆಕ್ಕಾಚಾರವೆಲ್ಲ ಬುಡಮೇಲಾಗುತ್ತದೆ. ಈಗ ಬೆಂಗಳೂರು ಬಿಸಿನೆಸ್ ಕಾರಿಡಾರ್ ಎಂದು ಹೆಸರು ಬದಲಿಸಿಕೊಂಡಿರುವ ಪೆರಿಫೆರಲ್ ರಿಂಗ್ ರಸ್ತೆಗೆ ಪ್ರಾಥಮಿಕ ಅಧಿಸೂಚನೆ ಹೊರಟದ್ದು 2005ರಲ್ಲಿ. ರಸ್ತೆಯೂ ಆಗದೆ, ಪರಿಹಾರವೂ ಕೈಸೇರದೆ, ನೆಮ್ಮದಿಯಾಗಿ ಮಾರಲೂ ಕಟ್ಟಲೂ ಆಗದೆ ಅದರ ಜಾಡಿನ ಭೂಮಾಲೀಕರು ಎರಡು ದಶಕ ಕಾದರು. ಅಧಿಸೂಚನೆ ಬಂದುದೆಲ್ಲ ಆಗಿಯೇ ತೀರುತ್ತದೆಂದೂ ಅಲ್ಲ. ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆಯ ಸ್ವಾಧೀನವನ್ನು ರೈತರ ದೀರ್ಘ ಹೋರಾಟದ ನಂತರ ಸರ್ಕಾರ 2025ರ ಜುಲೈನಲ್ಲಿ ಕೈಬಿಟ್ಟಿತು.

ಇನ್ನು ಹಣದ ಮಾತು. ಬ್ರೋಕರು ಹೇಳುವ ಬೆಲೆ ಕೈಗೆ ಬರುವ ಹಣವಲ್ಲ. ಉದಾಹರಣೆಗೆ, ಮನೆ ನಾಲ್ಕು ಕೋಟಿಗೆ ಹೋಯಿತು ಎನ್ನೋಣ. ಹಳೆಯ ಆಸ್ತಿಯಾದ್ದರಿಂದ 2001ರ ಏಪ್ರಿಲ್ 1ರ ಮಾರುಕಟ್ಟೆ ಮೌಲ್ಯವನ್ನೇ ಅದರ ವೆಚ್ಚವೆಂದು ತೋರಿಸಬಹುದು. ಅದು 20 ಲಕ್ಷವಾಗಿದ್ದರೆ ಲಾಭ 3.8 ಕೋಟಿ. 2024ರ ಜುಲೈ 23ರಿಂದ ದೀರ್ಘಾವಧಿ ಬಂಡವಾಳ ಲಾಭಕ್ಕೆ ತೆರಿಗೆ ಶೇ 12.5, ಅದಕ್ಕೆ ಮೊದಲು ಪಡೆದ ಆಸ್ತಿಗೆ ಹಣದುಬ್ಬರದ ಹೊಂದಾಣಿಕೆ ಮಾಡಿಕೊಂಡು ಶೇ 20 ಕಟ್ಟುವ ದಾರಿಯೂ ನಿವಾಸಿ ವ್ಯಕ್ತಿಗಳಿಗಿದೆ, ಯಾವುದು ಅಗ್ಗವೆಂಬುದನ್ನು ಎರಡೂ ಲೆಕ್ಕ ಹಾಕಿ ನೋಡಬೇಕು. ಎರಡು ವರ್ಷದೊಳಗೆ ಎರಡೂವರೆ ಕೋಟಿಯ ಮನೆ ಕೊಂಡರೆ ಅಷ್ಟು ಲಾಭಕ್ಕೆ ತೆರಿಗೆ ವಿನಾಯಿತಿ ಸಿಗುತ್ತದೆ. ಉಳಿದದ್ದರ ಮೇಲೆ ಸರ್‌ಚಾರ್ಜು, ಸೆಸ್ಸು ಸೇರಿ 16ರಿಂದ 20 ಲಕ್ಷದೊಳಗೆ ತೆರಿಗೆ ಬರಬಹುದು. ಕೊಳ್ಳುವ ಮನೆಯ ಮುದ್ರಾಂಕ ಶುಲ್ಕ, 2025ರ ಆಗಸ್ಟ್ 31ರಿಂದ ದುಪ್ಪಟ್ಟಾದ ನೋಂದಣಿ ಶುಲ್ಕ ಕೂಡಿದರೆ ಶೇ 7.6ರಷ್ಟು, ಅಂದರೆ 19 ಲಕ್ಷ. ಬ್ರೋಕರ್ ಕಮಿಷನ್ನು, ಕಪಾಟು–ಅಡುಗೆಮನೆಯ ಮರಗೆಲಸ ಕಳೆದರೆ ಒಂದೂವರೆ ಕೋಟಿ ಮಿಗುತ್ತದೆ ಎಂದುಕೊಂಡಿದ್ದವರಿಗೆ ಒಂದು ಕೋಟಿ ಮಿಕ್ಕರೆ ಹೆಚ್ಚು. ಅದೂ ಸಣ್ಣ ಮೊತ್ತವೇನಲ್ಲ, ಆದರೆ ಸ್ವಂತ ನೆಲ ಬಿಟ್ಟು ಫ್ಲಾಟಿಗೆ ಹೋಗಿ ತಿಂಗಳು ತಿಂಗಳು ನಿರ್ವಹಣಾ ಶುಲ್ಕ ಕಟ್ಟುವುದಕ್ಕೆ ಅದು ಸಾಕಾದ ಕಾರಣವೇ ಎಂದು ಮನೆಯವರೆಲ್ಲ ಕೂತು ಯೋಚಿಸಬೇಕು. ನಿಮ್ಮ ಅಂಕಿಗಳನ್ನು ಲೆಕ್ಕಪರಿಶೋಧಕರಿಗೆ ತೋರಿಸದೆ ಮುಂಗಡ ಮುಟ್ಟಬೇಡಿ.

ಹೊರವಲಯದ ಶಾಂತಿಗೂ ಒಂದು ಬೆಲೆಯಿದೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರಿಗಾಗಿ ಹೆಚ್ಚು ಪರದಾಡಿದ್ದು ಹೊರವಲಯದ ಬಡಾವಣೆಗಳೇ. ಅದೇ ವರ್ಷದ ಅಕ್ಟೋಬರ್‌ನಲ್ಲಿ ನಗರಕ್ಕೆ ಸೇರಿದ ಹೊರವಲಯದ 110 ಹಳ್ಳಿಗಳಿಗಾಗಿ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಯಾಯಿತು, ಆದರೆ ಯೋಜನೆಯ ಪಟ್ಟಿಯಲ್ಲಿ ಹಳ್ಳಿಯ ಹೆಸರಿರುವುದಕ್ಕೂ ನಿಮ್ಮ ಮನೆಯ ಸಂಪಿನೊಳಕ್ಕೆ ನೀರು ಬೀಳುವುದಕ್ಕೂ ಬಹಳ ಅಂತರವಿದೆ. ಮಾರಾಟದ ಕಚೇರಿಯವರನ್ನು ಕೇಳುವ ಬದಲು ಅಲ್ಲಿ ಆಗಲೇ ವಾಸವಿರುವವರ ನೀರಿನ ಬಿಲ್ಲು ನೋಡಿ. ಖಾತೆ (ಪಾಲಿಕೆಯ ಆಸ್ತಿ ದಾಖಲೆ) ಕ್ರಮಬದ್ಧವಾದ ಎ ಯೋ, ಅಲ್ಲದ ಬಿ ಯೋ, ಒಳಚರಂಡಿ ಇದೆಯೋ ಇಲ್ಲವೋ, ರಾತ್ರಿ ಎರಡು ಗಂಟೆಗೆ ಎದೆನೋವು ಬಂದರೆ ಯಾವ ಆಸ್ಪತ್ರೆ ಎಂಬುದೂ ಗೊತ್ತಿರಲಿ. ಖಾಲಿ ಹೊಲಗಳ ನಡುವಿನ ಬಡಾವಣೆ ಹತ್ತು ವರ್ಷದಲ್ಲಿ ಈಗಿನ ನಿಮ್ಮ ರಸ್ತೆಯಂತೆಯೇ ಆಗಬಹುದೆಂಬುದನ್ನು ಸರ್ಜಾಪುರ ರಸ್ತೆ ಕಂಡವರಿಗೆ ವಿವರಿಸಬೇಕಿಲ್ಲ.

ಆದ್ದರಿಂದಲೇ, ಕೈಲಾಗುವವರಿಗೆ ನಾನು ಕೊಡುವ ಸಲಹೆ, ಈಗಿನ ಮನೆಯನ್ನು ಬಾಡಿಗೆಗೆ ಕೊಟ್ಟು, ಹೋಗಬೇಕೆಂದಿರುವ ಕಡೆ ಒಂದು ಬೇಸಿಗೆ ಮತ್ತು ಒಂದು ಮಳೆಗಾಲ ಬಾಡಿಗೆಗೇ ಇದ್ದು ನೋಡುವುದು. ಅಷ್ಟು ಕಾಲಕ್ಕೆ ಹನ್ನೊಂದು ತಿಂಗಳ ಕರಾರು ಸಾಕು. ಆಗ ಹೆಚ್ಚು ಬಾಡಿಗೆಯ ಆಸೆಗೆ ನಿಮ್ಮ ಮನೆಯನ್ನೂ ಪಿಜಿಯವರಿಗೆ ಕೊಡಬೇಕೆನ್ನಿಸುತ್ತದೆ; ಪಕ್ಕದ ಮನೆಯವರಿಗೂ ಹಾಗೇ ಅನ್ನಿಸಿದ್ದು. ವಯಸ್ಸಾದ ತಂದೆತಾಯಿಗಳಿದ್ದರೆ ಮಾತ್ರ ಎರಡು ಸಲ ಮನೆ ಬದಲಿಸುವ ಈ ಏರ್ಪಾಡು ಬೇಡ. ಅವರಿಗೆ ಪರಿಚಯದ ಡಾಕ್ಟರು, ಹಾಲಿನವನು, ದೇವಸ್ಥಾನದ ದಾರಿ ಇವುಗಳ ಬದಲಿಗೆ ಹೊಸ ಜಾಗದಲ್ಲಿ ಸುಲಭವಾಗಿ ಏನೂ ಸಿಗುವುದಿಲ್ಲ.

ಬಿಲ್ಡರ್ ಜೊತೆ ಜಾಯಿಂಟ್ ಡೆವಲಪ್‌ಮೆಂಟ್ ಮಾಡಿಕೊಂಡು ಅದೇ ಜಾಗದಲ್ಲಿ ಒಂದೆರಡು ಫ್ಲಾಟ್ ಪಡೆಯುವವರೂ ಇದ್ದಾರೆ. ನೆಲ 500 ಚದರ ಮೀಟರಿನೊಳಗಿದ್ದರೆ, ಇಲ್ಲವೇ ಫ್ಲಾಟುಗಳು ಎಂಟನ್ನು ಮೀರದಿದ್ದರೆ ರೇರಾ (ಕೊಳ್ಳುವವರ ರಕ್ಷಣೆಗಿರುವ ರಿಯಲ್ ಎಸ್ಟೇಟ್ ಕಾಯ್ದೆ) ನೋಂದಣಿ ಕಡ್ಡಾಯವಲ್ಲ. ಹಳೆಯ ಬಡಾವಣೆಗಳ ಸೈಟುಗಳು ಸಾಮಾನ್ಯವಾಗಿ ಹೀಗೆ ಹೊರಗೇ ಉಳಿಯುವುದರಿಂದ ಕೆಲಸ ತಡವಾದರೆ ಬಿಲ್ಡರ್ ನಿಮಗೆ ತಿಂಗಳಿಗೆ ಎಷ್ಟು ಬಾಡಿಗೆ ಕೊಡಬೇಕೆಂಬುದನ್ನು ಕರಾರಿನಲ್ಲೇ ಬರೆಸಿಕೊಳ್ಳಬೇಕು.

ಮಾರಿದರೂ ಮಾರದಿದ್ದರೂ ಈಗಲೇ ಮಾಡಬೇಕಾದ ಕೆಲಸವೊಂದಿದೆ. ಮನೆ ಇನ್ನೂ ತಂದೆಯವರ ಹೆಸರಿನಲ್ಲೇ ಇದ್ದು ಅವರು ಉಯಿಲು ಬರೆಯದೆ ತೀರಿಕೊಂಡಿದ್ದರೆ, ತಾಯಿಗೂ ಗಂಡು ಹೆಣ್ಣೆನ್ನದೆ ಎಲ್ಲ ಮಕ್ಕಳಿಗೂ ಅದರಲ್ಲಿ ಪಾಲಿದೆ. ವಿಭಾಗ ಪತ್ರವೋ ಹಕ್ಕು ಬಿಡುಗಡೆ ಪತ್ರವೋ ನೋಂದಣಿಯಾಗಿ ಇ–ಖಾತೆ ಆಗುವ ತನಕ ಯಾವ ಬ್ರೋಕರಿಗೂ ಬೆಲೆ ಹೇಳಬೇಡಿ. ಕೊಳ್ಳುವವರು ಗೊತ್ತಾದ ಮೇಲೆ ಅಕ್ಕತಂಗಿಯರ ಸಹಿ ಕೇಳಲು ಹೋದರೆ ಮಾತುಕತೆಯ ಧಾಟಿಯೇ ಬೇರೆಯಾಗಿರುತ್ತದೆ.